ಕಲ್ಲಿನ ಮೇಲೆ ನಿನ್ನ ಹೆಸರು

ಮನೆಯಿಂದ,
ಮಾರ್ಚ್ ೧೨, ಗುರುವಾರ

ಚಿರಂಜೀವಿ ತಮ್ಮನಿಗೆ,

ಚಿರಂಜೀವಿ ಎಂದು ಈ ಸಲ ಬರಿಯ ರೂಢಿಗೆ ಬರೆದಿಲ್ಲ, ಯೋಚಿಸಿಯೇ ಬರೆದಿದ್ದೇನೆ. ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ನಾವೆಲ್ಲ ಕ್ಷೇಮ. ಅಮ್ಮನ ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಹಾಗೇ ಇದೆ.

ಭಾನುವಾರ ಅವಳನ್ನು ಪಕ್ಕದ ಹಳ್ಳಿಯ ಚಿತ್ರಶಾಲೆಗೆ ಕರೆದುಕೊಂಡು ಹೋಗಿದ್ದೆ. ಹಳೆಯ ಧಾನ್ಯದ ಗೋದಾಮಿಗೆ ಸುಣ್ಣ ಬಳಿದು ಚಿತ್ರಗಳನ್ನು ತೂಗುಹಾಕಿದ್ದಾರೆ. ನೋಡಿಕೊಳ್ಳುವವರು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ತಾವೇ ಬರೆದ ಹಸುವಿನ ಚಿತ್ರದ ಮುಂದೆ ನಿಂತು ಅವರು ಬಣ್ಣ, ಬೆಳಕು ಎಂದು ವಿವರಿಸುತ್ತಿದ್ದರೆ ಅಮ್ಮ, "ಕೆಚ್ಚಲು ಎಲ್ಲಪ್ಪಾ?" ಎಂದಳು. ಅದು ಹೋರಿ ಎಂದು ಮೇಷ್ಟ್ರು ಜಾರಿಕೊಳ್ಳಲು ನೋಡಿದರು. "ಹೋರಿಗೆ ಇರಬೇಕಾದ್ದೂ ಕಾಣಲ್ವಲ್ಲ!" ನಾನು ಕಿಟಕಿ ಕಡೆ ತಿರುಗಿಕೊಂಡೆ. ಆಮೇಲೆ ಕಾಲು ನೋವೆಂದು ಅವಳು ಕೂತ ಕುರ್ಚಿಯೂ ಕಲಾಕೃತಿಯೇ ಆಗಿತ್ತು, ಎಬ್ಬಿಸುವಷ್ಟರಲ್ಲಿ ಸಾಕುಸಾಕಾಯಿತು.

ಅಲ್ಲೇ ಹಿಂದಿನ ಮೈದಾನದಲ್ಲಿ ಯುದ್ಧದಲ್ಲಿ ಮಡಿದವರಿಗೊಂದು ಹೊಸ ಸ್ಮಾರಕ ನಿಲ್ಲಿಸಿದ್ದಾರೆ. ಕರಿಕಲ್ಲು, ಹನ್ನೊಂದು ಹೆಸರು. ಕೊನೆಯದು ನಿನ್ನದು! ಅಪ್ಪನ ಹೆಸರು, ನೀನು ಸೇನೆಯಲ್ಲಿ ಲಾರಿ ಓಡಿಸುತ್ತಿದ್ದದ್ದು, ಎಲ್ಲ ಸೇರಿಸಿ ಕೆತ್ತಿದ್ದಾರೆ. ಕೆಳಗೆ ಯಾರೋ ಹೂವನ್ನೂ ಇಟ್ಟಿದ್ದರು. ನಗುವೂ ಬಂತು, ಭಯವೂ ಆಯಿತು. ಮೇಷ್ಟ್ರು ಓಡಿಬಂದು, ಮಡಿದವರ ಪಟ್ಟಿಗೆ ಮರಳಿದವರ ಪಟ್ಟಿ ಬೆರೆತಿರಬೇಕು ಎಂದು ತಲೆ ಕೆರೆದುಕೊಂಡರು. "ಬದುಕಿದ್ದಾರೆ ಅನ್ನೋದು ಖಾತ್ರಿ ತಾನೇ, ಅಮ್ಮಾ?" ಎಂದು ಬೇರೆ ಕೇಳಿದರು.

"ಖಾತ್ರಿ ಇಲ್ದೆ ಏನು? ಅವನ ಹಳೇ ಯೂನಿಫಾರ್ಮ್ ಹರಿದು ನೆಲ ಒರೆಸೋ ಬಟ್ಟೆ ಮಾಡಿದೆ ಅಂತ ಎರಡು ವರ್ಷದಿಂದ ಮಾತು ಬಿಟ್ಟಿದ್ದಾನೆ. ಸತ್ತವರಿಗೆ ಇಷ್ಟು ಹಠ ಇರುತ್ತಾ?"

ಹಾಗೆ ಗದರಿದ ಅಮ್ಮ, ನಾವು ಹೊರಟರೂ ಬರಲಿಲ್ಲ. ತಿರುಗಿ ನೋಡಿದರೆ ಯಾರೂ ಓದಬಾರದೆಂಬಂತೆ ನಿನ್ನ ಹೆಸರಿನ ಮೇಲೆ ಅಂಗೈ ಮುಚ್ಚಿ ನಿಂತಿದ್ದಳು.

ಕಲ್ಲು ತಿದ್ದಿಸಬೇಕಾದರೆ ನೀನೇ ಖುದ್ದಾಗಿ ಬಂದು, ಸ್ಮಾರಕ ಸಮಿತಿಯವರ ಎದುರು, ಬದುಕಿದ್ದೇನೆ ಎಂದು ಸಹಿ ಹಾಕಬೇಕಂತೆ. ಬೇಗ ಹೊರಟು ಬಾ.

ಮಕ್ಕಳಿಗೆ ಆಶೀರ್ವಾದ. ಯಾರು ಏನೇ ಕೆತ್ತಲಿ, ನೀನು ನೂರು ವರ್ಷ ಬಾಳು.

ನಿನ್ನ ಅಕ್ಕ

ತಾ.ಕ.: ನೀನು ಬರಲೇಬೇಕೆಂದೇನೂ ಇಲ್ಲ, ಒಂದು ಕಾಗದ ಬರೆದು ಹಾಕಿದರೂ ಸಾಕು ಎಂದಿದ್ದರು ಮೇಷ್ಟ್ರು. ಅದನ್ನು ನಿನಗೆ ತಿಳಿಸಕೂಡದೆಂದು ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಬರೆದದ್ದನ್ನು ಓದಿ ನೋಡಬೇಕೆಂದು ಕನ್ನಡಕ ತರಲು ಒಳಗೆ ಹೋಗಿದ್ದಾಳೆ, ಅಷ್ಟರಲ್ಲಿ ಲಕೋಟೆ ಅಂಟಿಸುತ್ತೇನೆ. ಏನೂ ಗೊತ್ತಿಲ್ಲದವನ ಹಾಗೆ ಬಂದುಬಿಡು.