ಕಾರಿಗೂ ಗೊಟ್ಟ

ಹುನ್ನೂರ
ಕಾರಹುಣ್ಣಿಮೆಯ ಮರುದಿನ, ೧೯೯೨

ಅಣ್ಣನವರಿಗೆ ಕಸ್ತೂರೆವ್ವಳ ನಮಸ್ಕಾರ.

ತಪ್ಪು ನನ್ನದೇ. ನಿಮ್ಮ ಟರ್ಬೊ ಕಾರಿನ ಪುಸ್ತಕವನ್ನು ಅಪ್ಪನಿಗೆ ಓದಿ ಹೇಳಿದೆ. ಜಗತ್ತಿನಲ್ಲಿ ಇಂಥವು ಇನ್ನೂರೇ ಇವೆ, ಓಡಿದರೆ ಟರ್ಬೊ ಕೆಂಡವಾಗುತ್ತದೆ, ಅದಕ್ಕೆ ಒಳ್ಳೆಯ ಎಣ್ಣೆಯೇ ಬೇಕು ಎಂದೆ. ನಿನ್ನೆ ಹಬ್ಬವೆಂದು ಎತ್ತುಗಳಿಗೆ ಬಿದಿರಿನ ಗೊಟ್ಟದಿಂದ ಎಣ್ಣೆ, ತತ್ತಿ ಕುಡಿಸಿದ ಅಪ್ಪ, ಅದೇ ಗೊಟ್ಟವನ್ನು ಇಂಜಿನ್ನಿನ ಎಣ್ಣೆಬಾಯಿಗೂ ಇಟ್ಟುಬಿಟ್ಟರು. ನಾನು ಓಡಿ ಬರುವಷ್ಟರಲ್ಲಿ ನಾಲ್ಕು ತತ್ತಿ ಒಳಗೆ ಹೋಗಿದ್ದವು.

ಇಂಜಿನ್ ಚಾಲೂ ಮಾಡಿಲ್ಲ. ಮುಂಬಯಿಯಿಂದ ಮಿಸ್ತ್ರಿಯನ್ನು ಕರೆದುಕೊಂಡು ನೀವೇ ಬನ್ನಿ.

ಜಗಳವಾಡಿ ನೀವು ಕಾರು ಬಿಟ್ಟು ಹೋದ ಮೇಲೆ ನಿಮ್ಮ ಹೆಸರೆತ್ತದ ಅಪ್ಪ ನಿನ್ನೆ ಅಂದರು: "ಮಗ ಕಟ್ಟಿ ಹೋದ ಎತ್ತು, ಹಬ್ಬದ ದಿನ ಉಪಾಸ ಕೆಡವಾಕ ಬರತೈತೇನು?"

ನಿಮ್ಮ ತಂಗಿ,
ಕಸ್ತೂರೆವ್ವ