ಕರದಂಟಿನ ಮೇಲಿನ ಹಾಳೆ

೧೨ ಜೂನ್ ೨೦೨೫, ಗುರುವಾರ. ಹುನಗುಂದ.

ಸಿಟ್ಟು ಇನ್ನೂ ಇಳಿದಿಲ್ಲ. ಇಳಕಲ್ಲಿನ ಅಂಗಡಿಯ ಹೊಳಬಸಪ್ಪ ನಮ್ಮ ಕರದಂಟನ್ನೆಲ್ಲ ವಾಪಸ್ ತಂದು ಕಟ್ಟೆಯ ಮೇಲಿಟ್ಟ. ಸೊಸೆ ಮಹೇಶ್ವರಿ ಗೋವಿನಜೋಳದ ಪಿಷ್ಟ ಕುದಿಸಿ, ತಾಟಿನಲ್ಲಿ ತೆಳ್ಳಗೆ ಹರವಿ ಒಣಗಿಸಿದ ಹಾಳೆಯಲ್ಲಿ ಅವನ್ನು ಸುತ್ತಿದ್ದೆವು.

"ಅವ್ವಾರ, ಮಳಿ ತಂಪಿಗೆ ಹಾಳಿ ಕೈಗೆ ಅಂಟಾಕತ್ತೈತ್ರಿ. ಗಿರಾಕಿ ನಗ್ತಾರ. ಪ್ಲಾಸ್ಟಿಕ್‌ನ್ಯಾಗ ಕೊಡ್ರಿ, ಇಲ್ಲಾಂದ್ರ ಬ್ಯಾಡ್ರಿ."

ಮಹೇಶ್ವರಿ ತಲೆ ತಗ್ಗಿಸಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಒಂದು ಕರದಂಟು ಎತ್ತಿಕೊಂಡು ಹಾಳೆಯ ಸಮೇತ ಅವನೆದುರೇ ತಿಂದೆ.

"ತಮ್ಮಾ, ಈಗ ನೀ ನಿನ್ನ ಪ್ಲಾಸ್ಟಿಕ್ ತಿಂದು ತೋರಿಸು."

ಹೊಳಬಸಪ್ಪ ಗಾಡಿ ಹತ್ತಿದ.

ಹಾಳೆ ನನ್ನ ಅಂಗುಳಕ್ಕೂ ಅಂಟಿತ್ತು, ನಿಜ. ಅವನು ತಿರುವು ದಾಟುವ ತನಕ ತಡೆದು, ಆಮೇಲೆ ಚೊಂಬು ತುಂಬ ನೀರು ಕುಡಿದೆ. ಮಹೇಶ್ವರಿ ಬಿದ್ದು ಬಿದ್ದು ನಕ್ಕಳು.

"ಅತ್ತಿ, ಅವರು ಹೇಳಿದ್ದು ಸುಳ್ಳಲ್ರಿ. ಇದೊಂದು ಸಲ ಪ್ಲಾಸ್ಟಿಕ್‌ನ್ಯಾಗ ಕೊಟ್ಟುಬಿಡೋಣ್ರಿ."

"ಹಾಳಿ ಇನ್ನೂ ಚಲೋ ಮಾಡು. ಮಾಡೂದ ಬಿಟ್ಟಿ ಅಂದ್ರ ನನ್ನ ಜೋಡಿ ಮಾತಾಡಬ್ಯಾಡ."

ಆ ಅಂಗಡಿ ಹೋದರೆ ಹೋಗಲಿ. ಮಳೆಗಾಲ ಮುಗಿಯುವ ತನಕ ಊರೊಳಗೇ ಮಾರುತ್ತೇನೆ, ತಲೆಯ ಮೇಲೆ ಬುಟ್ಟಿ ಹೊತ್ತಾದರೂ. ಕರದಂಟು ನನ್ನದು. ಅದಕ್ಕೆ ಏನು ಉಡಿಸಬೇಕೆಂದು ಹೇಳುವವಳೂ ನಾನೇ.