ಮೇಲಿನ ಮನೆ ಕೇಳಿದವಳಿಗೆ

ಭಾನುವಾರ, ಬೆಳಿಗ್ಗೆ

ಮೇಲಿನ ಮನೆ ಬಾಡಿಗೆಗೆ ಬೇಕೆಂದು ಬರೆದವಳಿಗೆ,

ನಿನ್ನ ಕಾಗದ ತಲುಪಿತು. ಇಷ್ಟು ವರ್ಷ ಸಂಸಾರ ಮಾಡಿದವಳು ‘ಮಾನ್ಯ ಮಾಲೀಕರೇ’ ಎಂದು ಶುರು ಮಾಡಿದ್ದನ್ನು ನೋಡಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಅಕ್ಕನ ಮನೆಯಲ್ಲಿ ಇನ್ನೂ ಎಷ್ಟು ದಿನ ಅಂತ ಇರುವುದು, ಹೆಂಡತಿಯಾಗಿ ಅಲ್ಲ, ಬಾಡಿಗೆದಾರಳಾಗಿ ಬರುತ್ತೇನೆ ಎಂದಿದ್ದೀಯ. ಅದರ ಮೇಲೆ ಷರತ್ತು ಬೇರೆ. ಬಾಗಿಲು ತಟ್ಟದೆ ಒಳಗೆ ಬರಬಾರದು, ಯಾರು ಬಂದರು ಯಾರು ಹೋದರು ಎಂದು ಕೇಳಬಾರದು, ನೀನಿರುವಷ್ಟು ದಿನ ಹೊಸ ಗೋಡೆ ಎಬ್ಬಿಸಬಾರದು. ಕೊನೆಯದನ್ನು ಓದಿ ಕಾಗದ ಮಡಚಿಟ್ಟೆ. ಮತ್ತೆ ತೆಗೆದು ಓದಿದೆ.

ಆ ಗೋಡೆಯ ಮಾತು ಎತ್ತಿದ್ದೀಯಲ್ಲ, ನನ್ನದೂ ಸ್ವಲ್ಪ ಕೇಳು. ನಿಮ್ಮಕ್ಕ ಕಾಲು ಮುರಿದುಕೊಂಡರೆಂದು ನೀನು ಹೋದೆ. ನಿನ್ನ ಹೊಲಿಗೆ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಖಾಲಿ ಕೋಣೆ ಕಂಡರೆ ನನಗೆ ಸುಮ್ಮನೆ ಕೂರೋಕಾಗಲ್ಲ, ನಿನಗೆ ಗೊತ್ತು. ಮನೆಗೂ ಅದಕ್ಕೂ ನಡುವೆ ಒಂದು ಗೋಡೆ ಎಬ್ಬಿಸಿ, ಓಣಿಯ ಕಡೆಗೆ ಬಾಗಿಲು ಇಡಿಸಿ, ಆಸ್ಪತ್ರೆಯ ನರ್ಸಿಗೆ ಬಾಡಿಗೆಗೆ ಕೊಟ್ಟೆ. ನೀನು ಬಂದು ನೋಡಿ ಭೇಷ್ ಅನ್ನುತ್ತೀಯ ಅಂತಲೇ ಅಂದುಕೊಂಡಿದ್ದೆ, ನಿಜವಾಗಿ. ನೀನು ಬಂದೆ, ಮೆಟ್ಟಿಲ ಕೆಳಗೆ ಹೊದಿಕೆ ಹೊದ್ದು ನಿಂತಿದ್ದ ನಿನ್ನ ಮಿಷನ್ನು ನೋಡಿದೆ, ಕೈಯಲ್ಲಿದ್ದ ಚೀಲ ಕೆಳಗಿಡದೆ ಹಾಗೇ ತಿರುಗಿದೆ. ಒಂದು ಮಾತಾದರೂ ಬೈಯಬಾರದಿತ್ತೇ?

ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಬೇಕಾಯಿತು. ಯಾರೋ ಬಾಗಿಲು ತಟ್ಟಿದರು. ಈಗ ಎಲ್ಲರೂ ನನ್ನ ಬಾಗಿಲನ್ನೇ ತಟ್ಟುತ್ತಾರೆ. ಕೂತಲ್ಲಿ ಕೂರಲು ಆಗುವುದಿಲ್ಲ, ಉಂಡರೆ ಮೈಗೆ ಹತ್ತುವುದಿಲ್ಲ.

ಬಂದಿದ್ದವಳು ಹಿತ್ತಿಲಿನ ಕಡೆ ಬಾಡಿಗೆಗಿರುವ, ಹಿಂದಿನ ಮನೆಯ ಡ್ರೈವರನ ಹೆಂಡತಿ. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದಳು. ಅವಳು ಮಾತು ಮುಗಿಸುವಷ್ಟರಲ್ಲಿ ಸ್ಪ್ಯಾನರ್ ಹಿಡಿದು ಹೊರಟೆ. ಹೋಗಿ ನೋಡಿದರೆ ನಲ್ಲಿಗೆ ಏನೂ ಆಗಿರಲಿಲ್ಲ, ಸರಿಯಾಗಿ ತಿರುಗಿಸಿರಲಿಲ್ಲ ಅಷ್ಟೆ. ಅವಳು ಗೋಡೆಗೊರಗಿ ನಿಂತಿದ್ದಳು, ಕಣ್ಣು ಕೆಂಪಾಗಿತ್ತು. ಆಂಟಿ ಯಾವಾಗ ಬರ್ತಾರೆ ಅಂಕಲ್, ನಿಮ್ಮ ಹತ್ರ ಏನಾದ್ರೂ ಹೇಳೋಣ ಅಂದ್ರೆ ನೀವು ರಿಪೇರಿಗೆ ನಿಂತ್ಬಿಡ್ತೀರ ಅಂದಳು. ನಾನು ಸ್ಪ್ಯಾನರ್ ಹಿಡಿದುಕೊಂಡು ಪೆಚ್ಚಾಗಿ ನಿಂತೆ. ನೀನು ಹಿಂದಿನ ಮನೆಗೆ ಹೋದರೆ ಗಂಟೆಗಟ್ಟಲೆ ಬರುತ್ತಿರಲಿಲ್ಲ. ಬಾಡಿಗೆಯವರ ಜೊತೆ ಇಷ್ಟು ಸಲಿಗೆ ಬೇಡ ಎಂದು ನಾನು ಗೊಣಗುತ್ತಿದ್ದೆ. ನಲ್ಲಿ, ಸ್ವಿಚ್ಚು, ಮೋಟಾರು ಇವನ್ನು ನೋಡಿಕೊಂಡರೆ ಮನೆ ನೋಡಿಕೊಂಡಂತೆ ಎಂದು ತಿಳಿದಿದ್ದವನು ನಾನು. ಬಾಡಿಗೆಗೆ ಬಂದವರು ವರ್ಷಗಟ್ಟಲೆ ಬಿಟ್ಟು ಹೋಗದೆ ಇದ್ದದ್ದು ಯಾರಿಂದ ಎನ್ನುವುದು ಈಗೀಗ ತಲೆಗೆ ಹೋಗುತ್ತಿದೆ.

ಇರಲಿ. ನೀನು ಕೇಳಿದ್ದು ಮೇಲಿನ ಮನೆಯ ವಿಷಯ. ಯಾವ ಬಾಡಿಗೆದಾರರಿಗೂ ಹೇಳದ ಸತ್ಯ ನಿನಗೆ ಹೇಳುತ್ತೇನೆ. ಅದು ವಾಸಕ್ಕೆ ಅಷ್ಟೇನೂ ಹೇಳಿ ಮಾಡಿಸಿದ ಮನೆಯಲ್ಲ. ಮಧ್ಯಾಹ್ನದ ಬಿಸಿಲಿಗೆ ಗೋಡೆ ಕಾದು ಬೆನ್ನು ಕೊಡಲಾಗುವುದಿಲ್ಲ. ಮೋಟಾರು ಹಾಕಿದಾಗ ಮಂಚವೇ ಗುಂಯ್‌ಗುಡುತ್ತದೆ. ಕಿಟಕಿ ತೆಗೆದರೆ ಬೀದಿಯ ಧೂಳು, ಮುಚ್ಚಿದರೆ ಸೆಖೆ. ಕೆಳಗೆ ಯಾರಾದರೂ ಗೇಟು ತೆಗೆದರೆ ಸದ್ದು ನೇರ ತಲೆಗೆ ಬಡಿಯುತ್ತದೆ; ಬಂದದ್ದು ಯಾರು ಎಂದು ಎದ್ದು ನೋಡದೆ ಇರಲು ಆಗುವುದಿಲ್ಲ. ಮೆಟ್ಟಿಲಿಗೆ ಕಂಬಿ ಇಲ್ಲ. ನಿನ್ನ ಮಂಡಿನೋವಿಗೆ ಅದನ್ನು ಹತ್ತಿ ಇಳಿಯುವುದು ಆಗದ ಕೆಲಸ.

ಬೇರೆಯವರಿಗೂ ಕೊಟ್ಟಿಲ್ಲ. ಹೊಸದಾಗಿ ಮದುವೆಯಾದ ಜೋಡಿಯೊಂದು ನೋಡಿ ಒಪ್ಪಿತ್ತು, ಏನೋ ನೆಪ ಹೇಳಿ ಸಾಗಹಾಕಿದೆ. ನಿನ್ನ ಕಾಗದ ಬಂದ ದಿನ ಗೇಟಿನ ಬೋರ್ಡನ್ನೂ ಕಿತ್ತುಹಾಕಿದೆ. ಹಾಗೆಂದು ನಾನು ದಾರಿ ಕಾಯುತ್ತಾ ಕೂತಿದ್ದೇನೆ ಎಂದುಕೊಳ್ಳಬೇಡ. ಕಾಯುತ್ತಿಲ್ಲ ಎಂದರೂ ನೀನು ನಂಬುವವಳಲ್ಲ.

ನರ್ಸನ್ನು ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ಪಾಪ, ಅವಳದೇನು ತಪ್ಪು? ಅವಳನ್ನು ಕಳಿಸು ಎಂದು ನೀನು ಕೇಳಿಯೂ ಇಲ್ಲ. ಬೇರೆಯವಳಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದಳು.

ನಿಮ್ಮಕ್ಕನಿಗೆ ಹುಷಾರಾಗಿ ನಡೆದಾಡಲು ಹೇಳು. ನನ್ನ ಮೇಲೆ ಅವರಿಗೆ ಇರುವ ಸಿಟ್ಟು ಹಾಗೇ ಇರಲಿ, ಪರವಾಗಿಲ್ಲ.

ಇಂತಿ,
ನೀನೇ ಕರೆದ ಹಾಗೆ,
ಮಾಲೀಕ

ತಾ.ಕ.: ಮೇಲಿನ ಮನೆ ಖಾಲಿ ಇಲ್ಲ. ನಿನ್ನ ಕಾಗದ ಓದಿದ ಮರುದಿನವೇ ನನ್ನ ಹಾಸಿಗೆ ಬಟ್ಟೆ ಎತ್ತಿಕೊಂಡು ನಾನೇ ಅಲ್ಲಿಗೆ ಹೋಗಿಬಿಟ್ಟಿದ್ದೇನೆ. ಕೆಳಗಿನ ಮನೆ ನಿನಗೆ. ಇನ್ನು ಮೇಲೆ ಮಾಲೀಕಳು ನೀನೇ ಎಂದು ಹಿಂದಿನ ಮನೆಯವರಿಗೂ ನರ್ಸಿಗೂ ಹೇಳಿಯಾಗಿದೆ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು, ಎಲ್ಲ ನಿನ್ನ ಮಾತು. ಮೇಲಿನ ಮನೆಯವನು ಇರಬೇಕೋ ಖಾಲಿ ಮಾಡಬೇಕೋ, ಅದನ್ನೂ ನೀನೇ ಬಂದು ಹೇಳು.